ನಾನೇ ಮೊದ್ಲು ರಾಧಾಮಣಿ

ಚನ್ನಪಟ್ಟಣದ ರಾಧಾಮಣಿ ಅಂದ್ರೆ ನಾನೇ ಕಣ್ರಿ. ಕನಕಪುರ, ಮಾಗಡಿ, ರಾಮನಗರ ಕಡೆ ನಾಟಕದ ಹುಚ್ಚಿರೋ ಯಾವ ಗಂಡಸ್ನ ಬೇಕಾದ್ರೂ ಕೇಳಿ, ಹೇಳ್ತಾನೆ. ಹಳ್ಳಿ ಗಂಡಸ್ರು ಪೌರಾಣಿಕ ನಾಟಕ ಕಲೀತಾರಲ್ಲ, ರಾಜ, ಮಂತ್ರಿ, ಸೇನಾಪತಿ ಎಲ್ಲಾ ಅವ್ರವ್ರೇ ಹಂಚ್ಕಂಡು ತಿಂಗಳುಗಟ್ಲೆ ಪ್ರಾಕ್ಟೀಸು ಮಾಡ್ತಾರೆ. ಆದ್ರೆ ರಾಣಿ ಪಾತ್ರಕ್ಕೆ ಊರ ಹೆಂಗಸ್ರನ್ನ ಕುಣ್ಸಂಗಿಲ್ಲ. ಅದ್ಕೆ ಪೇಟೆಯಿಂದ ನಮ್ಮಂಥ ಕಲಾವಿದೆಯರ್ನ ಕರುಸ್ತಾರೆ. ನಾವು ಕೊನೇಲಿ ಹೋಗಿ, ಹಾರ್ಮೋನಿಯಂ ಮೇಷ್ಟ್ರು ಜೊತೆ ಶ್ರುತಿ ಕೂಡಿಸ್ಕಂಡು, ರಾಜನಿಗೆ ಎಲ್ಲಿ ನಿಂತ್ಕಬೇಕು ಅನ್ನೋದ್ನೂ ನಾವೇ ಹೇಳ್ಕೊಟ್ಟು, ರಾಣಿಯಾಗಿ ನಿಂತ್ಬುಡ್ತೀವಿ. ನಾನು ಹಂಗೆ ನಿಂತು ಇಪ್ಪತ್ತು ವರ್ಷದ ಮೇಲಾಯ್ತು.

ಮನೇಲಿಟ್ಟ ಹೆಸ್ರು ಬೋರಮ್ಮ. ಅದ್ರಲ್ಲಿ ನಾಚ್ಕೆ ಏನಿಲ್ಲ, ಹೇಳ್ಬುಡ್ತೀನಿ. ಮಲ್ಲಿಕಾರ್ಜುನಯ್ಯ ಅಂತ ಹಾರ್ಮೋನಿಯಂ ಮೇಷ್ಟ್ರಿದ್ರು, ನಂಗೆ ಹಾಡು ಕಲಿಸ್ದೋರು. ಮೊದ್ಲ ನಾಟಕದ ಕರಪತ್ರ ಅಚ್ಚಿಗೆ ಹೋಗೋವಾಗ "ಬೋರಮ್ಮ ಅಂತ ಹಾಕ್ಸಿದ್ರೆ ರಾಣಿ ಅಂತ ಯಾರು ನಂಬ್ತಾರವ್ವ, ಇವತ್ತಿಂದ ನೀನು ರಾಧಾಮಣಿ" ಅಂದ್ರು. ಆಯ್ತು ಅಂದೆ. ಆಮೇಲೆ ಆ ಹೆಸ್ರನ್ನ ಹಾಡಿ ಹಾಡಿ, ಗಂಟ್ಲು ಹರ್ಕಂಡು ನಾನೇ ಬೆಳೆಸ್ದೆ. ಊರೂರಿಗೂ ಮೈಕ್ ಕಟ್ಟಿದ ಆಟೋ ಹೋಗಿ "ಚನ್ನಪಟ್ಟಣದ ಕುಮಾರಿ ರಾಧಾಮಣಿ" ಅಂತ ಕೂಗಿದ್ರೆ ಹೊಲದಲ್ಲಿ ಬಗ್ಗಿದ್ದೋರು ಸೊಂಟ ಎತ್ತಿ ಕೇಳೋರು. ಮದ್ವೆ ಆದ್ಮೇಲೂ ಕುಮಾರಿ ಅಂತ್ಲೇ ಕೂಗೋರು, ನಾನೂ ಬ್ಯಾಡ ಅನ್ನಲಿಲ್ಲ.

ಅಂಥ ಹೆಸ್ರನ್ನ ಇನ್ನೊಬ್ಳು ಇಟ್ಕಂಡು ಮೆರೆದ್ರೆ ಹೆಂಗಾಯ್ತದೆ ಅಂತ ನೀವೇ ಹೇಳಿ.

ಎರಡು ಸಾವಿರದ ಆರನೇ ಇಸ್ವಿ ಇರ್ಬೇಕು. ಬಿಡದಿ ಕಡೆ ಕಂಪನಿಗಳು ಒಂದರ ಹಿಂದೆ ಒಂದು ಎದ್ದು, ಹಾರೋಹಳ್ಳಿ ಜಮೀನೆಲ್ಲ ಇಂಡಸ್ಟ್ರಿಯಲ್ ಏರಿಯಾ ಆಗ್ತಿದ್ದ ಕಾಲ. ನಾಟಕದ ರಾಜ ನೈಟ್ ಶಿಫ್ಟು, ಮಂತ್ರಿ ಸೆಕೆಂಡ್ ಶಿಫ್ಟು, ಇಬ್ರನ್ನೂ ಒಂದೇ ಹೊತ್ತಿಗೆ ಕೂಡಿಸೋದ್ರಲ್ಲಿ ಮೇಷ್ಟ್ರುಗಳಿಗೆ ಸಾಕುಸಾಕಾಗ್ತಿತ್ತು. ಕಂಪನಿ ಬಸ್ಸಿಂದ ಇಳಿದು ಯೂನಿಫಾರಂನಲ್ಲೇ ಬಂದು ಗದೆ ಹಿಡಿಯೋರು. ಆದ್ರೂ ನಾಟಕ ನಿಲ್ಲಲಿಲ್ಲ. ಕೈಲಿ ಸಂಬಳ ಓಡಾಡ್ತಿತ್ತಲ್ಲ, ಸೀನರಿ, ಲೈಟು ಎಲ್ಲಾ ಮೊದ್ಲಿಗಿಂತ ಜೋರಾಗೇ ಆಯ್ತಿದ್ವು.

ಒಂದಿನ ಸಾಯಂಕಾಲ ಪಕ್ಕದ್ಮನೆ ಕರೀಮುನ್ನೀಸಾ ಓಡ್ಬಂದ್ಲು. ಹಗಲೆಲ್ಲ ರೇಷ್ಮೆ ನೂಲು ತೆಗೆಯೋಕೆ ಹೋಗ್ತಾಳೆ, ಸಂಜೆ ಆದ್ರೆ ಟೀವಿ ಮುಂದಿಂದ ಏಳಲ್ಲ. "ಅಕ್ಕಾ, ಟೀವೀಲಿ ನಿಮ್ಮ ಹೆಸ್ರು ಬಂತು ಬನ್ನಿ" ಅಂದ್ಲು. ನಾನು ಮುದ್ದೆ ತೊಳಸ್ತಿದ್ದೋಳು ಕೋಲು ಹಂಗೇ ಬುಟ್ಟು ಓಡ್ದೆ. ಯಾರೋ ನನ್ನ ನಾಟಕ ವೀಡಿಯೋ ಮಾಡ್ಕಂಡೋಗಿದ್ರು, ಅದ್ನೇ ಹಾಕವ್ರೆ ಅನ್ಕಂಡೆ. ಹೋಗಿ ನೋಡಿದ್ರೆ ಧಾರಾವಾಹಿ. ಒಬ್ಳು ಹುಡುಗಿ ದೇವ್ರಿಗೆ ದೀಪ ಹಚ್ತಾವ್ಳೆ, ಕೆಳಗಡೆ ನಟಿ ಹೆಸ್ರು ದಪ್ಪ ಅಕ್ಷರದಲ್ಲಿ ರಾಧಾಮಣಿ ಅಂತ ಐತೆ.

ಏನು ಹೇಳ್ಲಿ. ಚೆನ್ನಾಗಿದ್ಲು. ಅದೇ ನಂಗೆ ಹೊಟ್ಟೆ ಉರ್ಸಿದ್ದು. ಸೊಟ್ಟ ಮೂತಿಯೋಳಾಗಿದ್ರೆ ಅಯ್ಯೋ ಪಾಪ ಅಂತ ಸುಮ್ಕಾಗ್ಬುಡ್ತಿದ್ದೆ. ಹಾಲಿನ ಕೆನೆಯಂಗೆ ಮೈಬಣ್ಣ, ಸೊಂಟದಗಂಟ ಕೂದ್ಲು, ಗಂಟ್ಲೆತ್ತದೆ ಪಿಸಪಿಸ ಅಂತ ಮಾತು. ಆ ಪಿಸಪಿಸಕ್ಕೆ ಕರೀಮುನ್ನೀಸಾ ಕಣ್ಣಲ್ಲಿ ನೀರು. ನಾನು ಸಾವಿರ ಜನದ ಕೊನೇ ಸಾಲಿಗೂ ಕೇಳಂಗೆ ಹಾಡ್ದಾಗ್ಲೂ ಈ ಹೆಂಗ್ಸು ಒಂದು ದಿನ ಅತ್ತಿರ್ಲಿಲ್ಲ.

"ಇವ್ಳಿಗೆ ಬೇರೆ ಹೆಸ್ರು ಸಿಗಲಿಲ್ವಂತ?" ಅಂದೆ.

"ಹೆಸ್ರು ಏನು, ಯಾರಿಗೆ ಬೇಕಾದ್ರೂ ಇರ್ತದೆ ಅಕ್ಕಾ. ನಮ್ಮ ಬೀದೀಲೇ ಎಷ್ಟು ಮುನ್ನೀಗಳವ್ರೆ" ಅಂದ್ಲು.

"ನಿಮ್ಮ ಬೀದಿ ಮುನ್ನೀಗಳು ಸ್ಟೇಜ್ ಹತ್ತಲ್ಲ ಕಣಮ್ಮಿ" ಅಂತೇಳಿ ಎದ್ದು ಬಂದೆ. ಮುದ್ದೆ ಗಂಟುಗಂಟಾಗಿತ್ತು. ನಮ್ಮ ಯಜಮಾನ್ರು ಏನೋ ಅನ್ನಾಕೆ ಬಾಯಿ ತೆಗೆದ್ರು, ನನ್ನ ಮುಖ ನೋಡಿ ಗಂಟನ್ನೇ ನುಂಗ್ಕಂಡ್ರು.

ಅಲ್ಲಿಂದ ನಾನು ಟೀವಿ ಕಡೆ ತಲೆ ಹಾಕಲಿಲ್ಲ. ಕರೀಮುನ್ನೀಸಾ ಮಾತ್ರ ಬುಡ್ತಿರ್ಲಿಲ್ಲ. ಆಗಾಗ ಬಂದು "ಅಕ್ಕಾ, ಇವತ್ತು ಆ ಹುಡುಗೀನ ಟೀವೀಲಿ ಕೂರ್ಸ್ಕಂಡು ಮಾತಾಡಿಸಿದ್ರು, ಅವ್ಳು ನಿಮ್..." ಅಂತ ಶುರು ಮಾಡೋಳು. ನಾನು ಅಲ್ಲಿಗೇ ತಡೆದು, "ಅವ್ಳ ಸುದ್ದಿ ಎತ್ತಿದ್ರೆ ನಿನ್ನ ಮನೆ ಹೊಸ್ಲು ತುಳಿಯಲ್ಲ" ಅಂತಿದ್ದೆ. ನಾಕು ಸಲ ಅಂದಮೇಲೆ ಅವ್ಳೂ ಬಾಯ್ಮುಚ್ಕಂಡ್ಲು.

ಆ ವರ್ಷ ನಂಗೆ ನಾಟಕ ಜಾಸ್ತಿ ಆದ್ವು. ಮೊದ್ಲೆಲ್ಲ ಸುಗ್ಗಿ ಆದ್ಮೇಲೆ ಒಸಿ ದಿನ ಇರ್ತಿತ್ತು ಅಷ್ಟೇ. ಆ ವರ್ಷ ಮಳೆಗಾಲ ಕಳೀತಿದ್ದಂಗೇ ಎಲೆ ಅಡಿಕೆ ಹಿಡ್ಕಂಡು ಕಮಿಟಿಯೋರು ಬಾಗ್ಲಿಗೆ ಬಂದ್ರು. ನಮ್ಮಲ್ಲಿ ಕಲಾವಿದೆಗೆ ಕೈಗೆ ವೀಳ್ಯ ಕೊಟ್ರೆ ಮಾತು ಕೊಟ್ಟಂಗೆ, ಆಮೇಲೆ ಅವ್ರೂ ತಪ್ಪಂಗಿಲ್ಲ ನಾವೂ ತಪ್ಪಂಗಿಲ್ಲ. ಹಾರೋಹಳ್ಳಿ ಕಡೆಯಿಂದ ಬಂದ್ರು, ಮಾಗಡಿ ಕಡೆಯಿಂದ ಬಂದ್ರು, ಬಿಡದಿ ಫ್ಯಾಕ್ಟರಿಯೋರು ರಾಜ್ಯೋತ್ಸವಕ್ಕೆ ಅರ್ಧ ಗಂಟೆ ಸೀನು ಮಾಡಿ ಬನ್ನಿ ಅಂತ ಕಾರೇ ಕಳಿಸಿದ್ರು. ಬಂದೋರೆಲ್ಲ ಅದ್ಯಾಕೋ ನನ್ನ ಮುಖಾನ ಒಂಥರಾ ಪ್ರೀತಿಯಿಂದ ನೋಡೋರು. ನನ್ನ ಗಂಟ್ಲು ಪಳಗೈತೆ, ಜನಕ್ಕೆ ಈಗ ಅರ್ಥ ಆಗೈತೆ ಅನ್ಕಂಡೆ. ಹಂಗಲ್ದೆ ಇನ್ನೇನು ಅನ್ಕಳ್ಳಿ.

ಆಮೇಲೆ ವಿರೂಪಾಕ್ಷಿಪುರದ ನಾಟಕ ಬಂತು.

ಮಧ್ಯಾಹ್ನ ಬಸ್ಸಿಳಿದು ಟ್ರಂಕು ಇಳಿಸ್ಕಂಡೆ. ತಲೆ ಎತ್ತಿದ್ರೆ ಸರ್ಕಲ್ಲಲ್ಲಿ ಫ್ಲೆಕ್ಸು. ಅದುವರ್ಗೂ ನಾಟಕ ಅಂದ್ರೆ ಕರಪತ್ರ, ಗೋಡೆ ಪೋಸ್ಟರು, ಬರೀ ಹೆಸ್ರು ಇರ್ತಿತ್ತು. ಈಗ ಫ್ಲೆಕ್ಸ್ ಬಂದು ರಾಜ, ಮಂತ್ರಿ, ದುಡ್ಡು ಕೊಟ್ಟೋರು, ಕೊಡ್ದೋರು, ಎಲ್ರ ಮುಖವೂ ಬೀದೀಲಿ. ನಡುವೆ ಒಂದು ಹೆಣ್ಣಿನ ಮುಖ, ಇಷ್ಟಗಲ, ಕೆಳಗೆ "ಚನ್ನಪಟ್ಟಣದ ಕುಮಾರಿ ರಾಧಾಮಣಿ". ಹೆಸ್ರು ನಂದು. ಮುಖ ಅವ್ಳದ್ದು.

ನಿಂತ ಕಡೇನೇ ಮೈಯೆಲ್ಲ ಉರಿದೋಯ್ತು. ಕಮಿಟಿಯ ಕೆಂಪರಾಜು ಓಡ್ಬಂದ. ಬಿಡದಿ ಕಂಪನೀಲಿ ಕೆಲ್ಸ ಮಾಡ್ತಾನೆ, ನಾಟಕದಲ್ಲಿ ಸೇನಾಪತಿ.

"ಏನ್ಲಾ ಇದು?" ಅಂದೆ.

"ಅಕ್ಕಾ, ನಿಮ್ಮ ಫೋಟೋ ನಮ್ಮತ್ರ ಇರ್ಲಿಲ್ಲ. ರಾಮನಗರದ ಫ್ಲೆಕ್ಸ್ ಅಂಗಡಿಯೋನು ಕಂಪ್ಯೂಟರಲ್ಲಿ ರಾಧಾಮಣಿ ಅಂತ ಹೊಡ್ದ. ಇದು ಬಂತು. ನಮ್ಮ ಹುಡುಗ್ರು ಚೆನ್ನಾಗೈತೆ ಅಂತ ಹಾಕ್ಸ್ಬುಟ್ರು."

"ಚೆನ್ನಾಗೈತಾ? ಹಂಗಾದ್ರೆ ಆ ಫೋಟೋ ಕೈಲೇ ಹಾಡ್ಸು ಹೋಗು."

"ತಪ್ಪಾಯ್ತು ಕಣಕ್ಕ. ಜನ ಬರ್ಲಿ ಅಂತ..."

ಜನ ಬರ್ಲಿ ಅಂತ ನನ್ನ ಕರೆಸಿ ಅವ್ಳ ಮುಖ ಹಾಕ್ತಾನೆ. ಅದನ್ನ ಇಳಿಸೋಗಂಟ ಮುಖಕ್ಕೆ ಬಣ್ಣ ಹಚ್ಚಲ್ಲ ಅಂತ ಟ್ರಂಕ್ ಮೇಲೆ ಕುಂತ್ಬುಟ್ಟೆ. ಬಿದಿರಿನ ಮೇಲೆ ಭದ್ರವಾಗಿ ಕಟ್ಬುಟ್ಟವ್ರೆ, ಇಳಿಸಾಕೆ ಆಗಲಿಲ್ಲ. ಕೊನೆಗೆ ಒಬ್ಬ ಏಣಿ ಹತ್ತಿ ಅವ್ಳ ಮುಖದ ಮೇಲೆ ನ್ಯೂಸ್‌ಪೇಪರು ಅಂಟಿಸ್ದ. ರಾಜನಿಗೂ ಮಂತ್ರಿಗೂ ಮಧ್ಯೆ ಸಿಮೆಂಟಿನ ಜಾಹೀರಾತು, ಕೆಳಗೆ ನನ್ನ ಹೆಸ್ರು. ನಗ್ಬೇಡಿ, ನಂಗೇನೂ ನಗು ಬಂದಿರ್ಲಿಲ್ಲ.

ಅವತ್ತು ಹಾಡ್ದಂಗೆ ನನ್ನ ಜೀವಮಾನದಲ್ಲೇ ಹಾಡಿರ್ಲಿಲ್ಲ. ಕೋಪಕ್ಕೆ ಹಾಡ್ದೆ. ಜನ ಮತ್ತೆ ಮತ್ತೆ ಒನ್ಸ್‌ಮೋರ್ ಅಂದ್ರು. ಆದ್ರೆ ಬೆಳಿಗ್ಗೆ ಬಣ್ಣ ತೊಳೀತಾ ಕುಂತಿದ್ದಾಗ ಪರ್ದೆ ಹಿಂದೆ ಒಬ್ಳು ಇನ್ನೊಬ್ಳಿಗೆ ಹೇಳ್ತಾಳೆ, "ನಾಟಕ ಚೆಂದಾಗೇ ಇತ್ತು ಬುಡು, ಆದ್ರೆ ಟೀವಿಯೋಳು ಬರ್ನೇ ಇಲ್ವಲ್ಲ" ಅಂತ. ಅವತ್ತೇ ತೀರ್ಮಾನ ಮಾಡ್ದೆ. ಇದು ಹಿಂಗೆ ಬುಟ್ರೆ ಆಗಲ್ಲ, ಅವ್ಳೆದ್ರಿಗೇ ಹೋಗಿ ಕೇಳ್ಬೇಕು.

ಅವ್ಳ ಧಾರಾವಾಹಿ ಶೂಟಿಂಗು ರಾಮನಗರದ ಬೆಟ್ಟದ ಕಡೆ ಒಂದು ದೊಡ್ಡ ಬಂಗ್ಲೇಲಿ ನಡೀತೈತೆ ಅಂತ ಕೆಂಪರಾಜುವೇ ಹೇಳ್ದ. ಒಳ್ಳೇ ಸೀರೆ ಉಟ್ಕಂಡು, ಮೂಗುಬೊಟ್ಟು ಹಾಕ್ಕಂಡು ಬೆಳಿಗ್ಗೇನೇ ಹೊಂಟೆ. ಬಸ್ಸಲ್ಲಿ ಹೋಗ್ತಾ ಏನೇನು ಅನ್ಬೇಕು ಅಂತ ಸೀನು ಕಲ್ತಂಗೆ ಕಲ್ತ್ಕಂಡೆ.

ಗೇಟಲ್ಲಿ ವಾಚ್‌ಮನ್ ತಡೆದ. "ಯಾರು ಬೇಕಾಗಿತ್ತು?"

"ರಾಧಾಮಣಿ ಬಂದವ್ರೆ ಅಂತ ಹೇಳು."

"ರಾಧಾಮಣಿ ಮೇಡಂ ಒಳಗವ್ರೆ."

"ಅವ್ಳಲ್ಲ, ನಾನು."

ಅವ್ನು ನನ್ನ ಮೇಲಿಂದ ಕೆಳಗಂಟ ನೋಡಿ ನಕ್ಬುಟ್ಟ. ಅಲ್ಲೇ ಅವ್ನ ಕೆನ್ನೆಗೆ ಬಿಡ್ಬೇಕಿತ್ತು. ಅಷ್ಟೊತ್ಗೆ ಒಳಗಿಂದ ಯಾರೋ ಬಂದು ಯಾರು ಅಂತ ಕೇಳಿದ್ರು, ಚನ್ನಪಟ್ಟಣದ ರಾಧಾಮಣಿ ಅಂದೆ, ಹೋಗಿ ಹೇಳಿದ್ರು. ಇನ್ನೇನು ವಾಚ್‌ಮನ್‌ಗೆ ಬಾಯಿಗೆ ಬಂದಂಗೆ ಶುರು ಮಾಡ್ಬೇಕು, ಆ ಹುಡುಗೀನೇ ಬರಿಗಾಲಲ್ಲಿ ಗೇಟಿನ ತಾವ ಓಡ್ಬಂದ್ಲು. ರೇಷ್ಮೆ ಸೀರೆ, ಮೈತುಂಬ ಒಡವೆ, ತಲೇಲಿ ಹೂವು. ಬಂದೋಳೇ ಕಾಲಿಗೆ ಬಿದ್ಬುಟ್ಲು.

"ಚನ್ನಪಟ್ಟಣದ ಅಮ್ಮ ಅಲ್ವಾ ನೀವು?" ಅಂದ್ಲು.

ನಾನು ಕಲ್ತಿದ್ದ ಸೀನು ಅರ್ಧ ಮರ್ತೋಯ್ತು. ಒಳಗೆ ಕರ್ಕಂಡೋಗಿ ಅವ್ಳ ಹೆಸ್ರು ಬರೆದಿದ್ದ ಕುರ್ಚೀಲೇ ಕೂರ್ಸಿದ್ಲು. ಬೆನ್ನಿಗೆ ರಾಧಾಮಣಿ ಅಂತ ಬರೆದಿರೋ ಕುರ್ಚಿ. ನನ್ನ ನಾಟಕದಲ್ಲಿ ಸಿಂಹಾಸ್ನಕ್ಕೂ ನನ್ನ ಹೆಸ್ರು ಬರೆದಿರ್ಲಿಲ್ಲ. ಹತ್ರದಿಂದ ನೋಡ್ದೆ, ಟೀವೀಲಿ ಕಂಡಿದ್ದಕ್ಕಿಂತ್ಲೂ ಚೆನ್ನಾಗವ್ಳೆ. ಒಂದು ಕಲೆ ಇಲ್ಲ, ಒಂದು ಗೆರೆ ಇಲ್ಲ. ಬೆಂಕಿ ಬಿತ್ತು ಹೊಟ್ಟೇಲಿ.

ಕಾಫಿ ತರ್ಸಿದ್ಲು. ನಾನು ಮುಟ್ಟಲಿಲ್ಲ.

"ನೋಡು ತಾಯಿ," ಅಂದೆ, "ಈ ಹೆಸ್ರು ನಂದು. ನೀನು ಹುಟ್ಟೋಕೆ ಮುಂಚಿಂದ ನಂದು. ಸ್ಟೇಜ್ ಮೇಲೆ ರಾಧಾಮಣಿ ಅಂದ್ರೆ ನಾನೊಬ್ಳೇ. ನಿಂಗೆ ಈ ಹೆಸ್ರು ಯಾರು ಇಟ್ರು?"

"ನಮ್ಮಪ್ಪ ಅಮ್ಮ. ನಮ್ದು ಮರಳವಾಡಿ. ನಾನು ಹುಟ್ಟೋಕೆ ಮೊದ್ಲು ನಮ್ಮೂರಲ್ಲಿ ನಿಮ್ಮ ನಾಟಕ ಆಗಿತ್ತಂತೆ. ಹೆಣ್ಣು ಹುಟ್ಟಿದ್ರೆ ಇದೇ ಹೆಸ್ರು ಅಂತ ಅವತ್ತೇ ಹೇಳಿದ್ರಂತೆ."

ಬೇರೆ ಯಾರಾದ್ರೂ ಆಗಿದ್ರೆ ಇದ್ನ ಕೇಳಿ ಕರಗೋಗ್ತಿದ್ರೋ ಏನೋ. ನಂಗೆ ಪಿತ್ತ ನೆತ್ತಿಗೇರ್ತು. ಅಂದ್ರೆ ನಾನು ಇವ್ಳಪ್ಪ ನೋಡಿದ್ದ ಕಾಲದೋಳು, ಮುದ್ಕಿ. ಇವ್ಳು ಹುಟ್ಟಿ, ಬೆಳ್ದು, ಟೀವಿಗೆ ಬಂದು, ನನ್ನ ಹೆಸ್ರನ್ನ ಇಸ್ತ್ರಿ ಮಾಡ್ಕಂಡು ಹಾಕ್ಕಂಡವ್ಳೆ. ಇನ್ನೊಂದು ಬೇರೆ. ಇವ್ಳಿಗೆ ಅದು ಹುಟ್ಟಿದ ಹೆಸ್ರು, ಇಸ್ಕೂಲಲ್ಲಿ ಬರೆಸಿರೋ ಹೆಸ್ರು. ನಂದು ಮೇಷ್ಟ್ರು ಬಾಯಿಂದ ಬಂದಿದ್ದು. ಯಾರಾದ್ರೂ ಪಂಚಾಯ್ತಿ ಕೂರ್ಸಿದ್ರೆ ಅವ್ಳೇ ನಿಜವಾದ ರಾಧಾಮಣಿ, ನಾನು ಬೋರಮ್ಮ.

"ನಿಮ್ಮಪ್ಪ ನನ್ನ ಕೇಳಿದ್ನಾ?" ಅಂದೆ. "ಮಕ್ಕಳಿಗೆ ಇಟ್ಕಳ್ಳಿ ಅಂತ ನಾನೇನು ಹೆಸ್ರು ಹಂಚ್ತಾ ಕುಂತಿದ್ನಾ? ನಿನ್ನ ಮುಖ ನನ್ನ ನಾಟಕದ ಫ್ಲೆಕ್ಸಿಗೆ ಹಾಕ್ತಾರೆ. ನಾನು ಹಾಡಿದ್ರೆ ಟೀವಿಯೋಳು ಬರಲಿಲ್ಲ ಅಂತಾರೆ. ನಿಂಗೆ ವಯಸ್ಸೈತೆ, ಬಣ್ಣ ಐತೆ, ಏನು ಬೇಕಾದ್ರೂ ಸಿಗ್ತೈತೆ. ನಂಗೆ ಇರೋದು ಇದೊಂದೇ."

ಅವ್ಳು ನನ್ನ ಮುಖಾನೇ ನೋಡ್ತಿದ್ಲು. ಅದುವರ್ಗೂ ಟೀವಿ ಮಾತು ಆಡ್ತಿದ್ದೋಳು ನಮ್ಮ ಕಡೆ ಮಾತಿಗೆ ಬಂದ್ಲು.

"ನಿಜ್ವಾಗ್ಲೂ ನೋವಾಗೈತಾ ಅಮ್ಮ ನಿಮ್ಗೆ?"

"ಆಗೈತೆ."

"ಸಿನಿಮಾದೋರು ಹೆಸ್ರು ಬದಲಾಯಿಸ್ಕೋ ಅಂತ ಮೊದ್ಲಿಂದ್ಲೂ ಹೇಳ್ತಾವ್ರೆ. ಹಳೇ ಕಾಲದ್ದು ಅಂತಾರೆ. ನಮ್ಮಪ್ಪ ಇಟ್ಟಿದ್ದು ಅಂತ ನಾನೇ ಒಪ್ಪಿರ್ಲಿಲ್ಲ." ಬಳೆ ತಿರುಗಿಸ್ತಾ ಅಂದ್ಲು, "ಬುಟ್ಬುಡ್ತೀನಿ ಅಮ್ಮ. ಆ ಹೆಸ್ರು ನಿಮ್ಗೇ ಇರ್ಲಿ."

ಜಗಳಕ್ಕೆ ಅಂತ ಬಂದೋಳಿಗೆ ಹಿಂಗೆ ಅಂದ್ಬುಟ್ರೆ ಏನು ಮಾಡ್ಬೇಕು? ಅವ್ಳು ಒಂದು ಮಾತು ಎದುರಾಡಿದ್ರೂ ನಾನು ನಾಕು ಆಡ್ತಿದ್ದೆ. ಎದ್ದು ನಿಂತೆ. ಮತ್ತೆ ಕಾಲಿಗೆ ಬಿದ್ಲು. ತಲೆ ಮೇಲೆ ಕೈಯಿಟ್ಟಂಗೆ ಮಾಡಿ ಬಂದ್ಬುಟ್ಟೆ.

ಮುಂದಿನ ತಿಂಗಳೇ ಪೇಪರಲ್ಲಿ ಬಂತು. "ರಾಧಾಮಣಿ ಇನ್ಮುಂದೆ ಮೇಘನಾ" ಅಂತ. ಕರೀಮುನ್ನೀಸಾನೇ ತಂದು ತೋರಿಸಿದ್ಲು, ಆದ್ರೆ ಮುಖ ಗಂಟಿಕ್ಕಂಡಿದ್ಲು. ನಾನು ಅಂಗಡಿಯಿಂದ ಮೈಸೂರು ಪಾಕು ತರ್ಸಿ ಬೀದಿಗೆಲ್ಲ ಹಂಚ್ದೆ. "ಏನು ವಿಶೇಷ?" ಅಂದೋರ್ಗೆ "ಸುಮ್ನೆ" ಅಂದೆ. ಕರೀಮುನ್ನೀಸಾ ಮಾತ್ರ ತಗೊಳ್ಳಲಿಲ್ಲ, "ಹಲ್ಲು ನೋವು ಅಕ್ಕಾ" ಅಂದ್ಲು.

ಮುಂದಿನ ವರ್ಷದ ಸುಗ್ಗಿ ಆಯ್ತು. ಕಮಿಟಿಯೋರು ಬರ್ತಾರೆ ಅಂತ ಬಾಗ್ಲಿಗೆ ರಂಗೋಲಿ ಹಾಕ್ಕಂಡು ಕುಂತೆ. ಬರಲಿಲ್ಲ. ಮಾಗಡಿ ಕಡೆಯೋರು ಬೇರೆ ಯಾರನ್ನೋ ಗೊತ್ತು ಮಾಡ್ಕಂಡ್ರಂತೆ. ಬಿಡದಿ ಫ್ಯಾಕ್ಟರಿಯೋರು ಮ್ಯಾಜಿಕ್ ಶೋ ಇಟ್ಕಂಡ್ರಂತೆ. ಒಂದೆರಡು ನಾಟಕ ಸಿಕ್ಕಿದ್ವು, ಅಲ್ಲೂ ಮೊದ್ಲಿನಂಗೆ ಪ್ರೀತಿಯಿಂದ ಯಾರೂ ನೋಡಲಿಲ್ಲ.

ಅದಾದ್ರೂ ಆಗ್ಲಿ. ಕನಕಪುರದ ಬಸ್‌ಸ್ಟ್ಯಾಂಡಲ್ಲಿ ಹೂವು ಮಾರೋ ಅಂಕಮ್ಮ ಅಂತ ಒಬ್ಳವ್ಳೆ, ನಾಟಕಕ್ಕೆ ಹೋಗೋವಾಗೆಲ್ಲ ಅವ್ಳತ್ರಾನೇ ಕನಕಾಂಬರ ತಗಳೋದು. ಅವ್ಳು ಹೂವು ಅಳೀತಾ ಕೇಳ್ತಾಳೆ, "ಆ ಟೀವಿ ಹುಡುಗಿ ಬುಟ್ಟ ಹೆಸ್ರನ್ನ ಈಗ ನೀನು ಇಟ್ಕಂಡಿದ್ದೀಯಂತೆ, ಹೌದಾ ರಾಧಕ್ಕ?" ಅಂತ.

"ನಂಗೆ ನೀನು ಎಷ್ಟು ವರ್ಷದಿಂದ ಹೂವು ಕೊಡ್ತಿದ್ದೀಯ?" ಅಂದೆ.

"ಕೊಡ್ತಾ ಇವ್ನಿ. ಆದ್ರೆ ಜನ ಹಂಗಂತಾರಪ್ಪ."

ಕೇಳ್ಕಂಡ್ರಾ? ಅವ್ಳು ಬುಟ್ಟಿದ್ದು, ನಾನು ಎತ್ಕಂಡಿದ್ದು. ಅವ್ಳು ಉಟ್ಟು ಬಿಸಾಕಿದ ಸೀರೆ, ನಾನು ಒಗೆದು ಉಟ್ಕಂಡಂಗೆ. ನನ್ನ ಹೆಸ್ರು, ನಾನು ಬೆಳೆಸಿದ ಹೆಸ್ರು. ಅಲ್ಲಿಂದ ಹೋದ ಕಡೆಯೆಲ್ಲ ಇದೇ ಮಾತು. ಕೆಲವ್ರು ನನ್ನ ಹೊಗಳೋಕಂತ್ಲೇ ಹೇಳೋರು, "ಅಂಥ ದೊಡ್ಡ ನಟಿ ಹೆಸ್ರು ಇಟ್ಕಂಡ್ರೂ ನೀವು ಕೆಡಿಸಿಲ್ಲ ಬುಡಿ" ಅಂತ. ಹೊಡ್ಯೋಕೂ ಆಗಲ್ಲ, ಅಳೋಕೂ ಆಗಲ್ಲ. ಹೆಸ್ರು ಬುಟ್ರೂ ಈ ಹುಡುಗಿ ನನ್ನ ಬೆನ್ನು ಬುಡ್ಲಿಲ್ವಲ್ಲ ಅಂತ ಮನೇಲಿ ಒಬ್ಳೇ ಕುಂತು ಬೈಕಂಡೆ.

ಅಂಥದ್ರಲ್ಲಿ ಒಂದಿನ ಒಬ್ಬ ಯಜಮಾನ್ರು ಬಂದ್ರು. ಬಿಳೀ ಪಂಚೆ, ಹೆಗಲ ಮೇಲೆ ಟವಲು, ಕೈಲಿ ಎಲೆ ಅಡಿಕೆ. "ಬೋರಲಿಂಗಯ್ಯ ಅಂತ ಕಣಮ್ಮ. ಮರಳವಾಡಿ. ಆ ಮೇಘನಾ ಐತಲ್ಲ, ಅದ್ರಪ್ಪ" ಅಂದ್ರು. ಮೇಘನಾ ಅನ್ನೋವಾಗ ನಾಲಿಗೆ ತಡವರಿಸ್ತು.

ನಮ್ಮೂರಲ್ಲಿ ನಾಟಕ ಇಟ್ಕಂಡಿದ್ದೀವಿ, ನೀವೇ ರಾಣಿ ಆಗ್ಬೇಕು ಅಂದ್ರು. ಜಮೀನು ಒಸಿ ಫ್ಯಾಕ್ಟರಿಗೆ ಹೋಯ್ತಂತೆ, ಉಳಿದಿದ್ರಲ್ಲಿ ಹಿಪ್ಪುನೇರಳೆ ಹಾಕವ್ರಂತೆ. ಆವತ್ತಿನ ನನ್ನ ನಾಟಕದ ಒಂದೊಂದು ಹಾಡೂ ಅವ್ರಿಗೆ ಬಾಯಿಪಾಠ. ಕಾಫಿ ಕುಡೀತಾ ಹೇಳಿದ್ರು.

"ನನ್ನ ಮಗ್ಳು ಟೀವಿಯೋರು ಮಾತಾಡಿಸ್ದಾಗೆಲ್ಲ ನಿಮ್ಮ ಹೆಸ್ರು ಹೇಳೋಳು. ಚನ್ನಪಟ್ಟಣದಲ್ಲಿ ದೊಡ್ಡ ಕಲಾವಿದೆ ಅವ್ರೆ, ನಾನು ಅವ್ರ ಹೆಸ್ರಿನೋಳು, ನಮ್ಮ ಕಡೆ ಬಂದ್ರೆ ಅವ್ರ ನಾಟಕ ನೋಡಿ ಅನ್ನೋಳು. ನೋಡಿದ್ದೀರಲ್ಲ ನೀವು?"

ನಾನು ಗೋಡೆ ಆಚೆ ಕರೀಮುನ್ನೀಸಾ ಮನೆ ಕಡೆ ನೋಡ್ದೆ. "ಹ್ಞೂಂ" ಅಂದೆ.

"ಈಗ ಯಾವ ಬಾಯಲ್ಲಿ ಹೇಳ್ತಾಳೆ, ಮೇಘನಾ ಆಗಿ."

ಎಲೆ ಅಡಿಕೆ ಮುಂದಕ್ಕೆ ಚಾಚಿದ್ರು. ಆ ವರ್ಷ ಎಲ್ರೂ ಯಾಕೆ ಹುಡುಕ್ಕಂಡು ಬಂದ್ರು ಅಂತ ನಂಗೆ ಆಗ ತಿಳೀತು. ಆದ್ರೂ ನನ್ನ ಬುದ್ಧಿ ಎಲ್ಲಿಗೆ ಹೋಯ್ತು ಅಂದ್ರೆ, ಈ ಮನುಷ್ಯ ಒಬ್ಬ ಬಾಯಿಬಿಟ್ಟು ಹೇಳಿದ್ರೆ ಸಾಕು, ಯಾರ್ದು ಮೊದ್ಲು ಯಾರ್ದು ಆಮೇಲೆ ಅನ್ನೋದು ಮುಗೀತದೆ ಅಂತ.

"ವೀಳ್ಯ ತಗಂತೀನಿ," ಅಂದೆ. "ಆದ್ರೆ ನೀವು ಸ್ಟೇಜ್ ಹತ್ತಿ ಮೈಕಲ್ಲಿ ಹೇಳ್ಬೇಕು. ಹೆಸ್ರು ನಂದು, ನನ್ನಿಂದ ನಿಮ್ಮ ಮಗ್ಳಿಗೆ ಹೋಯ್ತು ಅಂತ."

"ಅದ್ರಲ್ಲೇನು, ಇರೋದ್ನ ಹೇಳೋಕೆ. ಹೇಳ್ತೀನಿ ಬನ್ನಿ" ಅಂದ್ರು.

ಮರಳವಾಡಿಗೆ ಹೋದೆ. ಇನ್ನೂ ಬೆಳಕಿದ್ದಾಗ್ಲೇ ಪೆಂಡಾಲ್ ತುಂಬೋಗಿತ್ತು. ಊರೋರು ಒಂದು ಕಡೆ, ಹಾರೋಹಳ್ಳಿ ಫ್ಯಾಕ್ಟರೀಲಿ ಕೆಲ್ಸಕ್ಕೆ ಬಂದಿರೋ ಹೊರಗಿನ ಹುಡುಗ್ರು ಇನ್ನೊಂದು ಕಡೆ. ನಾನು ಬಣ್ಣ ಹಚ್ಕಂಡು, ಕಿರೀಟ ಕಟ್ಕಂಡು ಪರ್ದೆ ಹಿಂದೆ ನಿಂತಿದ್ದೆ. ಮೈಕಿನೋನು ಶುರು ಮಾಡ್ದ.

"ನಮ್ಮೂರ ಹೆಮ್ಮೆಯ ಮಗಳು ಮೇಘನಾ ಅವರು ಬಿಟ್ಟುಕೊಟ್ಟ ಹೆಸರನ್ನು ಉಳಿಸಿಕೊಂಡು ಬಂದಿರುವ, ಚನ್ನಪಟ್ಟಣದ ಕುಮಾರಿ ರಾಧಾಮಣಿ..."

ಜನ ಚಪ್ಪಾಳೆ ಹೊಡೆದ್ರು. ಅವ್ರೇನೂ ಹಂಗಿಸ್ತಿರ್ಲಿಲ್ಲ, ಪ್ರೀತಿಗೇ ಹೊಡೆದ್ರು. ನಾನು ತಡ್ಕಳ್ಳಕ್ಕಾಗ್ದೆ ಪರ್ದೆ ಸರ್ಸಿ ಹೊರಗೆ ಬಂದು ಮೈಕ್ ಕಿತ್ಕಂಡೆ. "ಬೋರಲಿಂಗಯ್ಯನೋರು ಮೇಲೆ ಬರ್ಬೇಕು" ಅಂದೆ.

ಬಂದ್ರು ಪಾಪ, ಮೊಣಕಾಲು ಹಿಡ್ಕಂಡು. ಮೈಕ್ ಕೊಟ್ಟೆ. ಗಂಟ್ಲು ಸರಿ ಮಾಡ್ಕಂಡ್ರು.

"ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಈ ಯಮ್ಮ ನಮ್ಮೂರಿಗೆ ಬಂದು ಹಾಡ್ದಾಗ ನನ್ನ ಹೆಂಡ್ರು ತುಂಬಿದ ಬಸ್ರಿ. ಆಗ್ಲೇ ಹೇಳ್ದೆ, ಹೆಣ್ಣಾದ್ರೆ ಈ ಯಮ್ಮನ ಹೆಸ್ರೇ ಅಂತ. ಹಂಗೇ ನನ್ನ ಮಗ್ಳಿಗೆ ರಾಧಾಮಣಿ ಅಂತ..."

"ನಿನ್ನ ಮಗ್ಳು ಮೇಘನಾ ಕಣಣ್ಣೋ" ಅಂತ ಹಿಂದಿಂದ ಯಾವನೋ ಕೂಗ್ದ. ಎಲ್ಲಾ ನಕ್ರು. "ಮೇಘನಾ ಯಾವಾಗ ಬತ್ತಾಳೆ ಹೇಳು" ಅಂದ ಇನ್ನೊಬ್ಬ. ಫ್ಯಾಕ್ಟರಿ ಹುಡುಗ್ರು ಮೇಘನಾ ಮೇಘನಾ ಅಂತ ಶಿಳ್ಳೆ ಹಾಕಿದ್ರು.

ಯಜಮಾನ್ರು ಮೈಕ್ ಹಿಡ್ಕಂಡು ನಿಂತೇ ಇದ್ರು. ಇನ್ನೊಂದು ಸಲ ಹೇಳಿ ಅಂತ ನಾನು ಕಣ್ಣಲ್ಲೇ ಅಂದೆ. ಅವ್ರು ಮೈಕ್‌ನ ಎದೆಗೆ ಒತ್ಕಂಡು ನನ್ನ ಕಡೆ ತಿರುಗಿದ್ರು, ನಂಗೊಬ್ಳಿಗೇ ಕೇಳಂಗೆ.

"ಹೆಂಗಮ್ಮ ಹೇಳ್ಲಿ? ನಿಮ್ಮ ಹೆಸ್ರು ಇಟ್ಟೆ ಅಂತ ತೋರ್ಸಾಕೆ ಆ ಹೆಸ್ರಿನ ಮಗ್ಳೇ ಇಲ್ವಲ್ಲ ನಂಗೆ. ಯಾಕವ್ವ ಬುಟ್ಟೆ ಅಂತ ಕೇಳ್ದೆ. ಯಾರೋ ದೊಡ್ಡೋರು ಬಂದು ಕೇಳ್ಕಂಡ್ರು ಅಪ್ಪ, ಅವ್ರಿಗೆ ಬಾಳ ನೋವಾಗಿತ್ತು, ಅದ್ಕೆ ಬುಟ್ಕೊಟ್ಟೆ ಅಂದ್ಲು. ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬುಡ್ಲಿಲ್ಲ. ನೀವು ಕಲಾವಿದ್ರ ಮಧ್ಯೆ ಇರೋರು. ನಿಮ್ಗೇನಾದ್ರೂ ಗೊತ್ತೇನಮ್ಮ, ಯಾರು ಅಂಥೋರು?"

ನನ್ನಂಥೋಳ್ನ 'ದೊಡ್ಡೋರು' ಅಂದಿದ್ಲು ಆ ಹುಡುಗಿ. ಸ್ವಂತ ಅಪ್ಪನ ಮುಂದೂ ನನ್ನ ಹೆಸ್ರು ಎತ್ತಿರ್ಲಿಲ್ಲ. ಇಷ್ಟು ದಿನ ಅವ್ಳ ಮೈಬಣ್ಣಕ್ಕೆ, ಕೂದ್ಲಿಗೆ, ಕುರ್ಚಿಗೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವತ್ತು ಆ ಕಿರೀಟ ಹೊತ್ಕಂಡು ನಿಂತಿದ್ದಾಗ ಆದ ಹೊಟ್ಟೆಕಿಚ್ಚು ಅವ್ಯಾವುದಕ್ಕೂ ಸಮ ಅಲ್ಲ.

"ಗೊತ್ತಿಲ್ಲ ಕಣಣ್ಣ" ಅಂದೆ.

ಅವ್ರು ಮೈಕ್ ವಾಪಸ್ ಕೊಟ್ಟು, ಮೊಣಕಾಲು ಹಿಡ್ಕಂಡು ಮೆಟ್ಲಿಳಿದು ಹೋಗಿ ಮುಂದಿನ ಸಾಲಲ್ಲಿ ಕುಂತ್ರು. ಹಾರ್ಮೋನಿಯಂ ಶುರುವಾಯ್ತು. ಮೈಕಿನೋನು ಮತ್ತೆ "ರಾಧಾಮಣಿ" ಅಂತ ಕರ್ದ. ನಾನೇ ಹೋಗಿ ನಿಂತ್ಕಂಡೆ. ಆ ಹೆಸ್ರಿಗೆ ಬರೋರು ಇನ್ಯಾರೂ ಇರ್ಲಿಲ್ವಲ್ಲ.